ಕಹಿ ಮೇಷ್ಟ್ರು

ಮೇಷ್ಟ್ರ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಅರ್ಧ ದಾರಿ ನಮ್ಮಷ್ಟಕ್ಕೆ ನಾವೇ ಮಾತಾಡಿಕೊಂಡು ಹೋಗುವುದು ಎಂದೇ ಅರ್ಥ. ಏನೋ ಹೇಳುತ್ತ ಮುಂದೆ ಹೋಗಿರುತ್ತೇವೆ. ತಿರುಗಿ ನೋಡಿದರೆ ಅವರು ಯಾರದೋ ಕಾಂಪೌಂಡಿನ ಪಕ್ಕ ನಿಂತು, ಹೊರಗೆ ಚಾಚಿದ ಎಲೆಯೊಂದನ್ನು ಚಿವುಟಿ, ಉಗುರಿನಿಂದ ಸೀಳಿ, ಮೂಸಿ, ನಾಲಿಗೆಯ ತುದಿಗಿಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದರು. ಆ ಮುಖದಲ್ಲಿ ಸಂಗೀತ ಕೇಳುವವರ ತನ್ಮಯತೆ. ಬಳಿಕ ಅಷ್ಟೇ ಶ್ರದ್ಧೆಯಿಂದ ಉಗುಳಿ, ಕರವಸ್ತ್ರದಿಂದ ತುಟಿಯೊರೆಸಿಕೊಂಡು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆಯಲ್ಲಿ ನಮ್ಮನ್ನು ಬಂದು ಕೂಡಿಕೊಳ್ಳುತ್ತಿದ್ದರು. ಗಿಡಕ್ಕೆ ಕಚ್ಚಲೂ ಬಾರದು, ಬೊಗಳಲೂ ಬಾರದು; ಓಡಲಾರದ ಆ ಜೀವ ತನ್ನ ಕಾವಲಿಗೆಂದು ಕಹಿಯನ್ನು ಕೂಡಿಟ್ಟುಕೊಳ್ಳುತ್ತದೆ; ಮನುಷ್ಯನಿಗೆ ಔಷಧವಾಗಲಿ ಎಂದು ಯಾವ ಎಲೆಯೂ ಸಂಕಲ್ಪ ಮಾಡಿದ್ದಿಲ್ಲ. ಇದು ಅವರ ತರಗತಿಯ ಮೊದಲ ಪಾಠವಾಗಿತ್ತು.

ನಮ್ಮ ಕಾಲೇಜಿನಲ್ಲಿ ಅವರು ಸಸ್ಯಗಳ ರಸಾಯನವನ್ನು ಕಲಿಸುತ್ತಿದ್ದರು. ಅವರ ಪ್ರಯೋಗಾಲಯದ ಕೆಳಗಿನ ಕೋಣೆಯಲ್ಲಿ ನಾನು ಭಾಷೆ ಕಲಿಸುತ್ತಿದ್ದೆ. ಕಹಿ ಮೇಷ್ಟ್ರು ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಎಲೆ ಮೆಲ್ಲುವ ಚಾಳಿಗಿಂತ ಅವರು ಕೊಡುತ್ತಿದ್ದ ಅಂಕಗಳೇ ಅದಕ್ಕೆ ಕಾರಣ ಎನ್ನುವವರೂ ಇದ್ದರು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬಹುದಾದ ಅವರ ಕೋಟಿನ ತುಂಬ ಹಳದಿ, ಕಂದು, ಹಸಿರು ಕಲೆಗಳು. ಜೇಬಿನಲ್ಲಿ ಸದಾ ಒಣಗಿ ಪುಡಿಯಾದ ಎಲೆಗಳು. ಮಾತಿನಲ್ಲಿ ಮಾತ್ರ ಅತಿ ಎಚ್ಚರ. ಯಾವುದನ್ನೂ 'ಹೌದು' ಎಂದವರಲ್ಲ. ಚಹಾ ಬಿಸಿ ಇದೆಯೇ ಎಂದು ಕೇಳಿದರೂ, "ಇದ್ದ ಹಾಗೆ ಕಾಣುತ್ತೆ" ಎನ್ನುವರು. ಕಂಡದ್ದಕ್ಕೂ ಇದ್ದದ್ದಕ್ಕೂ ನಡುವಿನ ಅಂತರವನ್ನು ಅಳೆಯುವುದರಲ್ಲೇ ಜೀವ ಸವೆಸಿದವರ ಮಾತು ಅದು.

ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಅಕ್ಕ. ತಾಯಿತಂದೆಯಿಲ್ಲದ ತಮ್ಮನನ್ನು ಶಾಲಾಮಕ್ಕಳ ಸಮವಸ್ತ್ರ ಹೊಲಿದು ಓದಿಸಿದಾಕೆ. ಬಟ್ಟೆ ಹಿಡಿದು ಹಿಡಿದು ಆಕೆಯ ಬಲಗೈಯ ತೋರುಬೆರಳು ಬಾಗಿಯೇ ನಿಂತಿತ್ತು. ತಮ್ಮ ಓದಿದ್ದೇನೆಂಬುದು ಆಕೆಗೆ ಗೊತ್ತಿರಲಿಲ್ಲ; ಅದು ದೊಡ್ಡದು ಎಂಬುದು ಗೊತ್ತಿತ್ತು.

ಹಳೆಯ ಗೋಡೆಗಳ ಬಿರುಕಿನಲ್ಲಿ ತಾನಾಗಿ ಬೆಳೆಯುವ ಒಂದು ಗಿಡ್ಡ ಗಿಡವಿದೆ, ಅದಕ್ಕೆ ದನವೂ ಮೂತಿಯಿಡುವುದಿಲ್ಲ. ಅದರ ಬೇರಿನಿಂದ ಮೇಷ್ಟ್ರು ಚಿಟಿಕೆಯಷ್ಟು ಹಳದಿ ಪುಡಿಯನ್ನು ಬೇರ್ಪಡಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಅದನ್ನು ಹಾಕಿದಾಗ ಅವು ಸತ್ತವು. ಸುದ್ದಿ ಹೇಗೋ ಹೊರಬಿದ್ದು ಪತ್ರಿಕೆಯವನೊಬ್ಬ ಬಂದ. ಮೇಷ್ಟ್ರು ಅವನನ್ನು ಕೂರಿಸಿಕೊಂಡು ಹೇಳಿದ್ದನ್ನು ನಾನೇ ಕೇಳಿದ್ದೇನೆ: "ತಟ್ಟೇಲಿ ಸಾಯಿಸೋದು ದೊಡ್ಡ ವಿಷಯ ಅಲ್ಲಪ್ಪ. ಸೋಪಿನ ನೀರು ಸುರಿದ್ರೂ ಸಾಯುತ್ತೆ. ಮೈ ಅನ್ನೋದೇ ಬೇರೆ. ಅಲ್ಲಿ ಇದು ಏನು ಮಾಡುತ್ತೆ ಅಂತ ನಮಗೆ ಗೊತ್ತಿಲ್ಲ." ಅವನು ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡ. ಮರುದಿನದ ತಲೆಬರಹ: 'ಹಿತ್ತಲ ಗಿಡ ಮದ್ದಲ್ಲ ಎಂದವರಾರು?' ಕೆಳಗೆ ಗಿಡದ ಚಿತ್ರ, ಅದರ ಪಕ್ಕ ಕೋಟು ತೊಟ್ಟ ಮೇಷ್ಟ್ರು.

ಅಂದಿನಿಂದ ಮೇಷ್ಟ್ರ ಮನೆಯ ಗೇಟಿನ ಮುಂದೆ ಜನ. ಕೆಲವರು ಹೆಂಡತಿಯ ಕೈ ಹಿಡಿದು ಬಂದರು, ಕೆಲವರು ತಂದೆಯನ್ನು ಗಾಲಿಕುರ್ಚಿಯಲ್ಲಿ ನೂಕಿಕೊಂಡು ಬಂದರು. ಮೇಷ್ಟ್ರು ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳಿದರು: ಇದು ಔಷಧಿ ಅಲ್ಲ, ಆಸ್ಪತ್ರೆ ಬಿಡಬೇಡಿ, ಇದನ್ನು ಕುಡಿಯಬೇಡಿ. ಬಂದವರಿಗೆ ಅಕ್ಕ ನೀರು ಕೊಟ್ಟು, ತಮ್ಮನನ್ನು ಹುಡುಕಿಕೊಂಡು ಇಷ್ಟು ಜನ ಬಂದ ಹಿಗ್ಗಿನಲ್ಲಿ ಸೆರಗಿನಿಂದ ಮುಖವೊರೆಸಿಕೊಳ್ಳುತ್ತಿದ್ದಳು. ತಿದ್ದುಪಡಿ ಹಾಕಿಸಲು ಮೇಷ್ಟ್ರು ಪತ್ರಿಕೆಯ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದರು. ಕೊನೆಗೊಮ್ಮೆ ಅದು ಒಳಪುಟದಲ್ಲಿ, ಕಳೆದುಹೋದ ಕೀಲಿಕೈಗಳ ಪ್ರಕಟಣೆಯ ಕೆಳಗೆ ಬಂತು. ಅಷ್ಟರಲ್ಲಿ ಊರಿನ ಗೋಡೆಗಳ ಬಿರುಕುಗಳೆಲ್ಲ ಬರಿದಾಗಿದ್ದವು.

ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಮಾತಿನ ಭರದಲ್ಲಿ ಮೇಷ್ಟ್ರು ಹೊಲಿಗೆ ಯಂತ್ರದ ಮೇಲಿದ್ದ ಅಕ್ಕನ ಲೋಟವನ್ನು ತಮ್ಮದೆಂದು ಎತ್ತಿ ಒಂದು ಗುಟುಕು ಕುಡಿದರು. ಕುಡಿದವರು ಕಣ್ಣು ಮುಚ್ಚಿ ಹಾಗೆಯೇ ನಿಂತುಬಿಟ್ಟರು.

"ಇದೇನಕ್ಕ?"

"ಬಿಸಿನೀರು ಕಣೋ."

"ಅಕ್ಕ."

ಆಕೆ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಎದೇಲಿ ಒಂದು ಗಂಟು ಇತ್ತು. ನಿನಗ್ಯಾಕೆ ಸುಮ್ನೆ ಗಾಬರಿ ಅಂತ ಹೇಳ್ಲಿಲ್ಲ. ನಿನ್ನ ಗಿಡಾನೇ ಕುದಿಸಿ ಕುಡೀತಿದೀನಿ. ಈಗ ಮೆತ್ತಗಾಗಿದೆ."

"ಕುಡೀಬೇಡಿ ಅಂತ ಗೇಟಲ್ಲಿ ನಿಂತು ಎಲ್ಲರಿಗೂ ಹೇಳ್ತಿದ್ನಲ್ಲ, ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ನೀನು ಯಾವತ್ತು ನಿನ್ನ ಬಗ್ಗೆ ದೊಡ್ಡದಾಗಿ ಹೇಳ್ಕೊಂಡಿದೀಯ? ಇಡೀ ಕಾಲೇಜಿಗೇ ಮೊದಲನೆಯವನಾದಾಗ್ಲೂ 'ಪಾಸಾದ ಹಾಗೆ ಕಾಣುತ್ತೆ' ಅಂತ ಬಂದವನು ನೀನು."

ಮೇಷ್ಟ್ರು ಆ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಗಂಟು ಸಣ್ಣದಿದ್ದಾಗಲೇ ಬಂದಿದ್ದರೆ ತೆಗೆದುಬಿಡಬಹುದಿತ್ತು; ಈಗ ಹರಡಿದೆ. ಬಲವಾದ ಔಷಧಿ ಕೊಡೋಣವೆಂದರೆ ಅದನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ಲಿವರ್ ಇಲ್ಲ. "ಏನು ಕುಡೀತಿದ್ರು ಇವರು?" ಎಂದು ಆಕೆ ಕೇಳಿದಾಗ ಮೇಷ್ಟ್ರು ಬೇರಿನ ಹೆಸರು, ಅದರೊಳಗಿನ ವಸ್ತುವಿನ ಹೆಸರು, ಅದರ ಗುಣ ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿದರು. ಕೊನೆಯಲ್ಲಿ, "ಲಿವರ್‌ಗೆ ಏನು ಮಾಡುತ್ತೆ ಅಂತ ನಾವಿನ್ನೂ ನೋಡಿರ್ಲಿಲ್ಲ" ಎಂದರು.

ಅಕ್ಕನ ಕಣ್ಣು ಹಳದಿಗಟ್ಟಿತು, ಮೈ ಒಣಗಿತು, ನಂಬಿಕೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. "ನಾನೇ ಶುರು ಮಾಡಿದ್ದು ತಡ ಆಯ್ತು ಕಣೋ. ನಿನ್ನ ಗಿಡದ ತಪ್ಪಿಲ್ಲ, ಅಲ್ವಾ?" ಎಂದು ಕೇಳಿದಳು. ಮೇಷ್ಟ್ರು ಆ ಬಾಗಿದ ಬೆರಳನ್ನು ಹಿಡಿದುಕೊಂಡು, "ಹೌದಕ್ಕ" ಎಂದರು. ಅನುಮಾನದ ನೆರಳಿಲ್ಲದ 'ಹೌದು' ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ, ಅದು ಸುಳ್ಳಾಗಿತ್ತು. ಆ ವಾರವೇ ಆಕೆ ತೀರಿಕೊಂಡಳು.

ಬೆಳಗಾದರೆ ಮೇಷ್ಟ್ರು ಸಣ್ಣ ಉಳಿಯೊಂದನ್ನು ಹಿಡಿದು ಹೊರಡತೊಡಗಿದರು. ಗೋಡೆಗಳಲ್ಲಿ ಮತ್ತೆ ಚಿಗುರುತ್ತಿದ್ದ ಆ ಗಿಡವನ್ನು ಬೇರುಸಹಿತ ಕಿತ್ತು, ಚೀಲಕ್ಕೆ ತುಂಬಿ, ತಂದು ಸುಡುವುದು. ಕೀಳುವುದನ್ನಷ್ಟೇ ನೋಡಿದವರು, "ಅಕ್ಕ ಹೋದ್ರೂ ಮೇಷ್ಟ್ರು ಬಿಟ್ಟಿಲ್ಲ ನೋಡಿ, ಅದರಲ್ಲಿ ಏನೋ ಇದೆ" ಎಂದು ಮಾತಾಡಿಕೊಂಡರು. ಗೇಟಿನ ಮುಂದೆ ಜನ ಮತ್ತೆ ಹೆಚ್ಚಾದರು.

ಒಂದು ದಿನ ಬಸ್ಸಿಳಿದು ನೇರ ಬಂದಿದ್ದ ಹೆಂಗಸೊಬ್ಬಳಿಗೆ ಮೇಷ್ಟ್ರು ಎಂದೂ ಯಾರಿಗೂ ಹೇಳದ್ದನ್ನು ಹೇಳಿದರು. "ನೋಡಮ್ಮ, ನನ್ನ ಅಕ್ಕ ಇದನ್ನೇ ಕುಡಿದು ಸತ್ತಳು. ಒಡಹುಟ್ಟಿದವಳು." ಆಕೆ ಗೇಟಿನ ಕಂಬಿ ಹಿಡಿದುಕೊಂಡು ಎಲ್ಲವನ್ನೂ ಕೇಳಿದಳು, ಅವಳ ಕಣ್ಣಲ್ಲಿ ನೀರೂ ಬಂತು. ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು: "ಅವರು ಎಷ್ಟು ಹೊತ್ತು ಕುದಿಸ್ತಿದ್ರು ಸಾರ್? ಕಮ್ಮಿ ಆಗಿತ್ತೇನೋ."

ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಕಾಲೇಜಿಗೆ ಬರಲಿಲ್ಲ. ನಾನು ಹೋದಾಗ ತೆಗೆಯುತ್ತಾರೆ. ಪರದೆ ಎಳೆದ ಕೋಣೆಯಲ್ಲಿ ಇಬ್ಬರೂ ಕೂರುತ್ತೇವೆ. ಹೊರಗೆ ಯಾರೋ ಕರೆಯುತ್ತಿರುತ್ತಾರೆ. ಅವರು ಕೇಳಿಸದವರಂತೆ ನೆಲ ನೋಡುತ್ತಿರುತ್ತಾರೆ.

ಅಪನಂಬಿಕೆಯನ್ನು ತಾಳಿಕೊಳ್ಳುವುದನ್ನು ಇಂಥವರಿಗೆ ಅವರ ವಿದ್ಯೆಯೇ ಕಲಿಸಿರುತ್ತದೆ; ಇನ್ನೊಮ್ಮೆ ಅಳೆ, ಇನ್ನೊಮ್ಮೆ ತೋರಿಸು ಎನ್ನುವವರ ನಡುವೆಯೇ ಅವರ ಆಯುಷ್ಯ ಕಳೆದಿರುತ್ತದೆ. ಅವರನ್ನು ಮುರಿಯುವುದು ನಂಬಿಕೆ, ಅದರಲ್ಲೂ ಅವರು ಹೇಳಿದ್ದಕ್ಕಿಂತ ಹೆಚ್ಚನ್ನು ಅಕ್ಕರೆಯಿಂದಲೋ ಪ್ರಾಣಭಯದಿಂದಲೋ ನಂಬಿಬಿಡುವವರ ನಂಬಿಕೆ. ತಿಳಿದಷ್ಟನ್ನೇ ಹೇಳುವವನ ಮಾತು ಯಾವ ಕಿವಿಗೂ ಇಡಿಯಾಗಿ ತಲುಪುವುದಿಲ್ಲ. ಅವನು ಬಿಟ್ಟ ಜಾಗವನ್ನು ಕೇಳುವವರ ಆಸೆ ತುಂಬಿಕೊಳ್ಳುತ್ತದೆ. ಕೊನೆಗೆ ಅಂಥವರು ಮೌನಕ್ಕೆ ಶರಣಾಗುತ್ತಾರೆ. ಆ ಮೌನಕ್ಕೂ ಜನ ತಮಗೆ ಬೇಕಾದ ಅರ್ಥವನ್ನೇ ಹಚ್ಚಿಕೊಂಡು, ಇನ್ನಷ್ಟು ಗಟ್ಟಿಯಾಗಿ ಬಾಗಿಲು ಬಡಿಯುತ್ತಾರೆ.