ನಡುವಿನ ಹೊಲಿಗೆ

"ದಪ್ಪ ಸೂಜಿ ಎಲ್ಲಿಟ್ಟಿದೀಯಕ್ಕಾ?" ಎನ್ನುತ್ತ ಡಬ್ಬಿ ತಡಕಿದ, ಎಲ್ಲರೂ ಕತ್ತರಿ ಎಂದು ಕರೆಯುವ ಹುಡುಗಿಯ ಕೈಗೆ ಸಿಕ್ಕಿದ್ದು ನಾಲ್ಕಾಗಿ ಮಡಿಚಿದ ಒಂದು ಚೀಟಿ. ತುಕ್ಕು ಹಿಡಿಯದಿರಲೆಂದು ಸೂಜಿಗಳನ್ನೆಲ್ಲ ಅದಕ್ಕೆ ಚುಚ್ಚಿ ಇಡಲಾಗಿತ್ತು. ಕತ್ತರಿ ಸೂಜಿಗಳನ್ನು ಕಿತ್ತು ಮೇಜಿನ ಮೇಲಿಟ್ಟು, ಚೀಟಿ ಬಿಡಿಸಿ ನೋಡಿದಳು. ಆಸ್ಪತ್ರೆಯದೇ ಚೀಟಿ. ಮೇಲೆ ಡಾಕ್ಟರ ಗೀಚಕ್ಷರ, ಕೆಳಗೆ 'ಸ್ಕ್ಯಾನ್, ತುರ್ತು' ಎಂದು ಬರೆದು ಎರಡೆರಡು ಗೆರೆ ಎಳೆದಿದ್ದರು.

"ಅಕ್ಕಾ, ಇದು ನಿಂದು. ನಾಲ್ಕು ತಿಂಗಳ ಹಿಂದಿಂದು."

"ಅಷ್ಟಾಯ್ತಾ?" ಎಂದಳು ಹೊಲಿಗೆ ಅಕ್ಕ, ಯಂತ್ರ ತುಳಿಯುವುದನ್ನು ನಿಲ್ಲಿಸದೆ. "ಇರಲಿ ಬಿಡು. ಈ ರಾಶಿ ಒಂದು ಮುಗೀಲಿ."

ರಾಶಿ ಮುಗಿಯುವುದುಂಟೇ! ಆಸ್ಪತ್ರೆಯ ನೆಲಮಹಡಿಯ ಆ ಕೋಣೆಗೆ ಒಗೆದ ಬೆಡ್‌ಶೀಟುಗಳು ದಿನಾ ತಳ್ಳುಗಾಡಿ ತುಂಬ ಬರುತ್ತಿದ್ದವು. ಮಲಗಿ ಮಲಗಿ ನಡುಭಾಗ ಸವೆದು ಜಾಲರಿಯಾದವನ್ನು ಎಸೆಯುವ ಹಾಗಿಲ್ಲ. ಕತ್ತರಿ ಅವನ್ನು ಉದ್ದಕ್ಕೆ ಎರಡು ಸೀಳು ಮಾಡಬೇಕು. ಗಟ್ಟಿಯಾಗಿರುವ ಎರಡು ಅಂಚುಗಳನ್ನು ಅಕ್ಕ ನಡುವಿಗೆ ತಂದು ಕೂಡಿಸಿ ಹೊಲಿಯಬೇಕು. ಹಾಗೆ ಮಾಡಿದರೆ ಶೀಟು ಇನ್ನೆರಡು ವರ್ಷ ಬರುತ್ತದೆ. ಇಪ್ಪತ್ತಾರು ವರ್ಷದಿಂದ ಅವಳು ಮಾಡುತ್ತಿದ್ದುದು ಇದೇ ಕೆಲಸ. ಅವಳಿಗೊಂದು ಹೆಸರಿದೆ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಇನ್ನು ಕತ್ತರಿ ಎಂಬ ಹೆಸರು ಬಂದದ್ದು ಆ ಹುಡುಗಿ ಮಾಡುವ ಕೆಲಸದಿಂದಲೇ ಆದರೂ, ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹರಿತ ಎಂದು ಆಸ್ಪತ್ರೆಯವರೆಲ್ಲ ಆಡಿಕೊಳ್ಳುತ್ತಿದ್ದರು.

ನಡುವಿನ ಹೊಲಿಗೆಯಲ್ಲಿ ಒಂದು ಕಷ್ಟವಿದೆ. ಅದು ಸರಿಯಾಗಿ ಬೆನ್ನುಮೂಳೆಯ ಕೆಳಗೆ ಬರುತ್ತದೆ. ಒಂದೇ ಸಲ ಯಂತ್ರ ಓಡಿಸಿ ಬಿಟ್ಟರೆ ಬಟ್ಟೆಯ ಅಂಚು ಎದ್ದು ನಿಂತು ಉಬ್ಬಾಗುತ್ತದೆ. ಆರೋಗ್ಯವಾಗಿರುವವರಿಗೆ ಅದು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ಮಗ್ಗುಲು ಬದಲಿಸಲಾಗದೆ ಬಿದ್ದವರಿಗೆ ಅದೇ ಉಬ್ಬು ಹಗ್ಗದ ಹಾಗೆ ಒತ್ತುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದೇ ಆಸ್ಪತ್ರೆಯಲ್ಲಿ ಮಲಗಿದ್ದ ಗಂಡನನ್ನು ಕೊನೆಯ ಸಲ ಮಗ್ಗುಲಾಗಿಸಿದಾಗ ಅವನ ಬೆನ್ನ ಮೇಲೆ ಉದ್ದಕ್ಕೂ ಕೆಂಪು ಗೆರೆ ಮೂಡಿದ್ದನ್ನು ಕಂಡಿದ್ದಳು, ಅಷ್ಟೇ. ಅಂದಿನಿಂದ ಅವಳು ಅಂಚನ್ನು ಮಡಿಚಿ ಎರಡನೇ ಸಲ ಹೊಲಿಯುತ್ತಿದ್ದಳು. ಆಮೇಲೆ ಲೋಟದ ತಳದಿಂದ ಕುಟ್ಟಿ ಚಪ್ಪಟೆ ಮಾಡಿ, ಕಡೆಗೆ ಅದರ ಮೇಲೆ ಕೆನ್ನೆ ಇಟ್ಟು ನೋಡುತ್ತಿದ್ದಳು. ಕೈ ಸುಳ್ಳು ಹೇಳಬಹುದು, ಸೂಜಿ ಹಿಡಿದು ಜಡ್ಡುಗಟ್ಟಿದ ಕೈ. ಕೆನ್ನೆ ಸುಳ್ಳು ಹೇಳುವುದಿಲ್ಲ.

"ಅದೇನಕ್ಕಾ, ಮಗೂನ ಮಲಗಿಸ್ತಿದೀಯಾ?" ಎಂದು ಕತ್ತರಿ ದಿನಾ ನಗುತ್ತಿದ್ದಳು.

ಹಾಗೆ ಮಾಡಿದರೆ ದಿನಕ್ಕೆ ಇಪ್ಪತ್ತೆರಡು ಆಗುತ್ತಿದ್ದವು. ಹೊಸದಾಗಿ ಬಂದ ಉಗ್ರಾಣದ ಸಾಹೇಬರಿಗೆ ನಲವತ್ತು ಬೇಕಿತ್ತು. ಯಾರು ಎಷ್ಟು ಹೊಲಿದರೆಂದು ತಿಳಿಯಲು ಪ್ರತಿ ಶೀಟಿನ ಮೂಲೆಯಲ್ಲಿ ಬಣ್ಣದ ದಾರದ ಗುರುತು ಹಾಕಿಸಿದರು. ಅಕ್ಕನದು ನೀಲಿ. ಕತ್ತರಿಗೂ ಯಂತ್ರ ಕಲಿಸಿ ಕೂರಿಸಿ ಕೆಂಪು ದಾರ ಕೊಟ್ಟರು. ಒಂದು ದಿನ ಎಲ್ಲರೆದುರು ನೀಲಿ ಗುರುತಿನ ಶೀಟು ಎತ್ತಿ ಹಿಡಿದು, "ಎರಡೆರಡು ಹೊಲಿಗೆ ಯಾಕ್ರೀ? ಇದರ ಮೇಲೆ ಮಲಗೋರೇನು ರಾಜರಾ?" ಎಂದು ಕೇಳಿದರು. ಅಂದು ಅವಳ ಪಕ್ಕೆಯಲ್ಲಿ ನೋವು ಬೆಳಗಿನಿಂದ ಕಚ್ಚಿಕೊಂಡಿತ್ತು. ಮಾರನೆಯ ದಿನ ಸಿಟ್ಟಿನಲ್ಲಿ ನಲವತ್ತಮೂರು ಹೊಲಿದಳು, ಎಲ್ಲ ಒಂದೇ ಹೊಲಿಗೆ. ಒಂದಕ್ಕೂ ಕೆನ್ನೆ ಇಡಲಿಲ್ಲ. "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಸಾಹೇಬರು ಹೊಗಳಿದರು. ಮರುದಿನದಿಂದ ಮತ್ತೆ ಹಳೆಯ ದಾರಿ. ಊಟದ ಹೊತ್ತನ್ನೂ ಯಂತ್ರಕ್ಕೇ ಹಾಕಿ ಮೂವತ್ತಕ್ಕೆ ಮುಟ್ಟಿಸಿದಳು. ಹಾಳಾದ ಆ ನಲವತ್ತಮೂರು ಮಾತ್ರ ವಾರ್ಡುಗಳಲ್ಲಿ ಸೇರಿಹೋಗಿದ್ದವು, ಹುಡುಕಿದರೂ ಸಿಗುವಂತಿರಲಿಲ್ಲ.

"ಸ್ಕ್ಯಾನ್ ಕೋಣೆ ಇಲ್ಲಿಂದ ನಲವತ್ತು ಹೆಜ್ಜೆ ಇಲ್ಲ! ದೀಪದ ಬುಡದಲ್ಲಿ ಕತ್ತಲು ಅಂದ್ರೆ ಇದೇ" ಎಂದು ಕತ್ತರಿ ಈಗ ಚೀಟಿ ಹಿಡಿದು ಕೂಗಾಡತೊಡಗಿದಳು. "ಯಾಕೆ ಹೋಗ್ಲಿಲ್ಲ?"

"ಹೋಗಿದ್ದೆ ಕಣೆ."

ಹೋಗಿದ್ದು ಸುಳ್ಳಲ್ಲ. ಮೊದಲ ಸಲ ಹದಿನೇಳನೇ ಟೋಕನ್ ಸಿಕ್ಕಿತ್ತು, ಅವತ್ತಿನ ಕೊನೆಯದು. ಹಿಂದೆ ಒಬ್ಬಾತ ತನ್ನ ಮುದಿ ತಾಯಿಯನ್ನು ತೋಳಿಗೆ ಆನಿಸಿಕೊಂಡು ನಿಂತಿದ್ದ. ಮುದುಕಿಯ ಮುಖ ನೋಡಲಾಗದೆ ಟೋಕನ್ ಅವನಿಗೆ ಕೊಟ್ಟುಬಿಟ್ಟಳು. "ಈ ಮಾತು ಮೊದಲೇ ಹೇಳಬಾರದಿತ್ತಾ, ಆಗಿನಿಂದ ನಿಂತಿದೀವಿ" ಎಂದು ಅವನು ಅವಳನ್ನೇ ಗದರಿದ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ! ಎರಡನೇ ಸಲ ಸರದಿ ಬರುವಷ್ಟರಲ್ಲಿ ಮಕ್ಕಳ ವಾರ್ಡಿನಲ್ಲಿ ಶೀಟಿಲ್ಲವೆಂದು ಕರೆ ಬಂತು. ಮೂರನೇ ಸಲ ಹೋಗಲೇ ಇಲ್ಲ. ಸಾಹೇಬರ ನಲವತ್ತು ಶುರುವಾಗಿತ್ತು. ಸೂಜಿ ಚುಚ್ಚಿಡಲು ಒಂದು ಗಟ್ಟಿ ಕಾಗದ ಬೇಕಿತ್ತು, ಅಷ್ಟರಲ್ಲಿ ಇದು ಕೈಗೆ ಸಿಕ್ಕಿತು.

ಕತ್ತರಿ ಬಿಡಲಿಲ್ಲ. ಯಂತ್ರದ ಬೆಲ್ಟನ್ನೇ ಬಿಚ್ಚಿ ಕಿಸೆಗೆ ಹಾಕಿಕೊಂಡು, "ನಡಿ" ಎಂದಳು.

ಎರಡು ದಿನದ ಮೇಲೆ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹಳೆಯ ಚೀಟಿಯನ್ನು ನೋಡಿದರು. ತುಂಬ ಸೂಜಿಯ ತೂತುಗಳಿದ್ದವು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ.

"ಮನೇಲಿ ಯಾರ್ಯಾರಿದ್ದಾರೆ?" ಎಂದು ಮೆಲ್ಲಗೆ ಕೇಳಿದರು.

ಇಪ್ಪತ್ತಾರು ವರ್ಷ ಆಸ್ಪತ್ರೆಯ ಅನ್ನ ತಿಂದವಳಿಗೆ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. "ನಮ್ಮತ್ತೆ ಇದಾರೆ" ಎಂದಳು. "ಎಂಬತ್ತಾಯ್ತು. ಕಣ್ಣು ಮಂಜು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಅದೂ ಕಷ್ಟದ್ದೇ. ಗಂಡ ಹೋಗಿ ಹದಿನೆಂಟು ವರ್ಷವಾದರೂ ಸೊಸೆ ಅತ್ತೆಯನ್ನು ಬಿಟ್ಟಿರಲಿಲ್ಲ, ಅತ್ತೆ ಬೈಯುವುದನ್ನು ಬಿಟ್ಟಿರಲಿಲ್ಲ. ಐವತ್ತನಾಲ್ಕು ವರ್ಷದವಳನ್ನು ಇನ್ನೂ 'ಏ ಹುಡುಗಿ' ಎಂದೇ ಕರೆಯುತ್ತಿದ್ದಳು. "ಏ ಹುಡುಗಿ, ನನ್ನ ಕಳಿಸೋವರೆಗೂ ನೀನು ಎಲ್ಲೂ ಹೋಗೋ ಹಾಗಿಲ್ಲ, ಹೇಳಿದೀನಿ" ಎನ್ನುವುದು ಅವಳ ದಿನದ ತಮಾಷೆ. ಅಂದು ಮನೆಗೆ ಹೋದ ಮೇಲೂ ಅದನ್ನೇ ಅಂದಳು. ಸೊಸೆ ಅಡುಗೆಮನೆಯ ಗೋಡೆಗೆ ಹಣೆ ಒತ್ತಿಕೊಂಡು, "ಆಯ್ತತ್ತೆ" ಎಂದಳು. ಅವಳಿಗೆ ಸಾವಿನ ಭಯವಿತ್ತು, ಇರಲಿಲ್ಲವೆನ್ನುವುದು ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ನಾಚಿಕೆ. ಹದಿನೇಳನೇ ಟೋಕನ್ ಕೊಟ್ಟ ದಿನ ತಾನು ದೊಡ್ಡ ಪುಣ್ಯವಂತೆ ಎಂದುಕೊಂಡಿದ್ದಳು. ಕೊಟ್ಟದ್ದು ಮನೆಯ ಈ ಮುದುಕಿಯ ಆಸರೆಯನ್ನೆಂದು ಆಗ ಹೊಳೆದಿರಲಿಲ್ಲ.

ಮೂರು ವಾರದಲ್ಲಿ ಅವಳು ಮೇಲಿನ ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆಯವಳಾದಳು. ಹೊಲಿಗೆ ಕೋಣೆಯ ನೆತ್ತಿಯ ಮೇಲೇ ಆ ವಾರ್ಡು. ಇಲ್ಲಿ ಮಂಚ ಎಳೆದರೆ ಕೆಳಗೆ ಧೂಳು ಉದುರುತ್ತಿದ್ದುದು ಅವಳಿಗೆ ನೆನಪಿತ್ತು. ಕೆಳಗಿನ ಯಂತ್ರದ ಸದ್ದು ನೆಲದ ಮೂಲಕ ಮೇಲೆ ಬರುತ್ತದೆಂದು ಈಗ ತಿಳಿಯಿತು. ಈಗ ತುಳಿಯುವವಳು ಕತ್ತರಿ. ಒಂದು ಉದ್ದನೆಯ ಓಟ, ದಾರ ಕಡಿಯುವಷ್ಟು ಬಿಡುವು, ಇನ್ನೊಂದು ಶೀಟು. ನಲವತ್ತು ಮುಟ್ಟಿಸಬೇಕಲ್ಲ, ಪಾಪ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದರು. ಸೊಂಟದ ಮೂಳೆ ಮುರಿದು ಎರಡು ತಿಂಗಳಿಂದ ಮಲಗಿದ್ದರು. "ಬೆನ್ನಿಗೆ ಯಾರೋ ಹಗ್ಗ ಹಾಸಿದ ಹಾಗಾಗುತ್ತೆ ಕಣಮ್ಮ" ಎಂದು ಅವರು ಒಂದು ದಿನ ಹೇಳಿದರು. ಮೊದಲ ವಾರ ಹೊಲಿಗೆ ಅಕ್ಕನಿಗೆ ಮಗ್ಗುಲಾಗುವ ಶಕ್ತಿ ಇತ್ತು. ಎರಡನೇ ವಾರ ಹೋಯಿತು. ಆಗ ಅವಳಿಗೂ ಹಗ್ಗ ತಗುಲಿತು. ಅವಳು ಬೆರಳನ್ನು ಬೆನ್ನಿನಡಿ ತೂರಿಸಿ ಮುಟ್ಟಿ ನೋಡಿದಳು. ಒಂದೇ ಹೊಲಿಗೆ, ಅಂಚು ಎದ್ದು ನಿಂತಿದೆ. ಕತ್ತರಿಯದಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ಸ್ವಲ್ಪ ಹಾಯೆನಿಸಿತು, ನೋಡಿ, ಮನುಷ್ಯರ ಬುದ್ಧಿ!

ಮಧ್ಯಾಹ್ನ ಕತ್ತರಿ ಬಂದಳು. ದಿನಾ ಊಟದ ಹೊತ್ತಿಗೆ ಬಂದು ಒಂದಿಷ್ಟು ಗಂಜಿ ಕುಡಿಸಿ ಹೋಗುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಬರುವ ಮುಂಚೆ ಅಕ್ಕನ ಮನೆಗೂ ಹೋಗಿ ಅತ್ತೆಯನ್ನು ನೋಡಿ ಬರುತ್ತಿದ್ದಳು.

"ಏನಂದ್ರು ನಮ್ಮತ್ತೆ?"

"ಹಿಂದಿನ ಬಾಗಿಲ ಚಿಲಕ ಬೀಳ್ತಾ ಇಲ್ವಂತೆ. ಎತ್ತಿ ಒತ್ತಬೇಕಂತೆ, ಅದು ನಿಂಗೊಬ್ಬಳಿಗೇ ಬರೋದಂತೆ. ಕುರ್ಚಿ ಅಡ್ಡ ಇಟ್ಟು ಮಲಗ್ತಾರೆ. 'ಹೊಟ್ಟೆನೋವು ಅಂತ ಎಷ್ಟು ದಿನ ಮಲಗ್ತಾಳೆ ಸೋಮಾರಿ, ಬೇಗ ಬರೋಕೆ ಹೇಳು' ಅಂದ್ರು."

ಹೊಲಿಗೆ ಅಕ್ಕ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಕತ್ತರಿ ಚಮಚ ಕೆಳಗಿಟ್ಟು, ತನ್ನ ತೋಳಿನಿಂದ ಅವಳ ಕಣ್ಣೊರೆಸಿದಳು. ಹಾಗೆ ಬಗ್ಗಿದಾಗಲೇ ದಿಂಬಿನ ಪಕ್ಕ ಸರಿದಿದ್ದ ಶೀಟಿನ ಮೂಲೆ ಅವಳ ಕೈಗೆ ಬಂತು. ಅವಳು ತಟ್ಟನೆ ಅದನ್ನು ಮಡಿಚಿ ಒಳಗೆ ಸೇರಿಸಲು ಹೋದಳು.

"ಏನದು? ತೋರಿಸು."

"ಏನಿಲ್ಲ ಅಕ್ಕಾ."

"ತೋರಿಸೇ ಅಂದ್ರೆ."

ಮೂಲೆಯಲ್ಲಿ ನೀಲಿ ದಾರವಿತ್ತು.

ಹೊಲಿಗೆ ಅಕ್ಕ ಅದನ್ನು ಹತ್ತಿರ ಎಳೆದುಕೊಂಡಳು. ನಲವತ್ತಮೂರರಲ್ಲಿ ಒಂದು. ಎಷ್ಟು ಬೆನ್ನುಗಳನ್ನು ಒತ್ತಿ ಒತ್ತಿ ಇದು ಕಡೆಗೆ ಮನೆ ಹುಡುಕಿಕೊಂಡು ಬಂದಿತೋ! ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಬೇರೆಯವರ ತಪ್ಪಾಗಿದ್ದರೆ ಅವಳು ಹಾಗೆಂದಾಳೇ? ಕೈ ಸೋತ ಯಾವಳೋ ಒಬ್ಬಳು, ಪಕ್ಕೆ ನೋವು ತಿನ್ನುತ್ತಿರುವಾಗ, ನಾಲ್ಕು ಜನರ ಮುಂದೆ ಮಾತು ಕೇಳಿ ಬಂದು ಹೊಲಿದದ್ದು ಎಂದು ಯಾರಾದರೂ ಹೇಳಿದ್ದರೆ ಅವಳೇನು ಅನ್ನುತ್ತಿದ್ದಳು?

"ಹೋಗ್ಲಿ ಬಿಡು" ಎಂದಳು ಕಡೆಗೆ, ಆ ನೀಲಿ ದಾರವನ್ನು ಹೆಬ್ಬೆರಳಿನಿಂದ ಸವರುತ್ತ. "ಅವತ್ತು ಅವಳಿಗೂ ಸಾಕಾಗಿತ್ತು."

ಕತ್ತರಿಗೆ ಅರ್ಥವಾಯಿತೋ ಇಲ್ಲವೋ, ಅವಳು ಮೂಗೊರೆಸಿಕೊಂಡು ಎದ್ದಳು. "ಬೇರೆ ಶೀಟು ತರ್ಲಾ?"

'ಇರಲಿ ಬಿಡು' ಎನ್ನುವ ಮಾತು ಐವತ್ತನಾಲ್ಕು ವರ್ಷದ ಅಭ್ಯಾಸದಿಂದ ಬಾಯಿಗೆ ಬಂದೇ ಬಂತು. ಅವಳು ಅದನ್ನು ನುಂಗಿದಳು.

"ತಗೊಂಡು ಬಾ. ತುಂಬ ಒತ್ತುತ್ತೆ."

ಕತ್ತರಿ ಅಲ್ಲೇ ನಿಂತಳು. ಬೆರಳುಗಳನ್ನು ಒಂದಕ್ಕೊಂದು ಹೆಣೆದು ಬಿಡಿಸಿದಳು. "ಅಕ್ಕಾ, ಕೆಳಗಿರೋದೆಲ್ಲ ಒಂದೇ ಹೊಲಿಗೇದು. ನೀನು ಮೇಲೆ ಬಂದ ಮೇಲೆ ನಾನು ಎರಡು ಹಾಕೇ ಇಲ್ಲ. ನಲವತ್ತು ಆಗ್ಬೇಕಲ್ಲ."

"ಗೊತ್ತು. ಇಲ್ಲಿಗೆ ಕೇಳ್ಸುತ್ತೆ."

"ಈಗ ಹೊಲೀತೀನಿ. ಸಾಹೇಬ್ರು ಏನಾದ್ರೂ ಬಡ್ಕೊಳ್ಳಲಿ. ಆದ್ರೆ ಒಂದು ಮಾತು" ಎಂದು ಕತ್ತರಿ ಬೆರಳೆತ್ತಿದಳು. "ಅದನ್ನ ತಂದ ತಕ್ಷಣ 'ಪಾಪ' ಅಂತ ಪಕ್ಕದವರಿಗೆ ದಾನ ಮಾಡಿದ್ರೆ ನಾನು ಸುಮ್ನಿರಲ್ಲ, ನೋಡು!"

ಹೊಲಿಗೆ ಅಕ್ಕ ಟೀಚರ ಕಡೆ ತಿರುಗಿದಳು. ಅವರು ಬಾಯಿ ತೆರೆದುಕೊಂಡು ಮಂಪರಿನಲ್ಲಿದ್ದರು. ನಿದ್ದೆಯಲ್ಲೂ ಹುಬ್ಬು ಗಂಟಾಗಿತ್ತು.

"ಎರಡು ಶೀಟು ಹೊಲಿ" ಎಂದಳು. "ಮೊದಲನೇದು ನಂಗೆ."

ಕತ್ತರಿ ಹೋದಳು. ಇದರಿಂದ ಏನೂ ಬದಲಾಗುವಂತಿರಲಿಲ್ಲ. ಇನ್ನು ಹತ್ತು ದಿನವೋ ಹದಿನೈದು ದಿನವೋ ಎಂದು ಬಾಗಿಲ ಬಳಿ ಡಾಕ್ಟರು ಸಿಸ್ಟರಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅತ್ತೆಗೆ ಯಾರು ಏನು ಹೇಳುತ್ತಾರೋ, ಆ ಚಿಲಕ ಯಾರು ಹಾಕುತ್ತಾರೋ ಅವಳಿಗೆ ತಿಳಿದಿರಲಿಲ್ಲ. ಕತ್ತರಿಗೆ ಎರಡು ಚಿಕ್ಕ ಮಕ್ಕಳು, ಒಂದೇ ಕೋಣೆಯ ಮನೆ. ಅವಳನ್ನು ಕೇಳುವುದು ಅನ್ಯಾಯ. ಕಿಟಕಿಯ ಬಿಸಿಲು ಮಂಚದ ಕಬ್ಬಿಣದ ಮೇಲೆ ಬಿದ್ದಿತ್ತು. ಅವಳು ಕಣ್ಣು ಮುಚ್ಚಿ ನೆಲದ ಕಡೆ ಕಿವಿಗೊಟ್ಟಳು.

ಯಂತ್ರ ಶುರುವಾಯಿತು. ಉದ್ದನೆಯ ಒಂದು ಓಟ, ತಲೆಯಿಂದ ಕಾಲಿನವರೆಗೆ. ನಿಂತಿತು. ದಾರ ಕಡಿಯುವುದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅಂಚು ಮಡಿಚುತ್ತಿದ್ದಾಳೆ, ಅವಸರ ಮಾಡಬೇಡ ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಮತ್ತೆ ಯಂತ್ರ ಓಡಿತು, ಈ ಸಲ ನಿಧಾನವಾಗಿ, ನಡುನಡುವೆ ತಡವರಿಸುತ್ತ, ಕೊನೆಯವರೆಗೆ. ಆಮೇಲೆ ಮೇಜಿನ ಮೇಲೆ ಲೋಟ ಕುಟ್ಟುವ ಸದ್ದು ಬಂತು.

ಅದೂ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಇನ್ನೂ ಕೇಳಿಸಲಿಲ್ಲ. ಕತ್ತರಿ ಕೆನ್ನೆ ಇಟ್ಟು ನೋಡುತ್ತಿರಬೇಕು.