ಮುಳ್ಳು ಕದಲದ ಒಂದು ಗಂಟೆ

ಪೈಪಿನೊಳಗಿನ ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹತ್ತರ ಮೇಲೆ ನಿಂತದ್ದು ಹೆಚ್ಚೆಂದರೆ ಐದು ನಿಮಿಷ. ಆಮೇಲೆ ಕೆಳಗಿನಿಂದ ಯಾರೋ ಕರೆದಂತೆ ಮೆಲ್ಲಗೆ ಇಳಿಯತೊಡಗಿತು. ಒಂಬತ್ತೂವರೆ. ಒಂಬತ್ತು. ಅದರ ಜೊತೆಗೇ ಸೊಸೆಯ ಎದೆಯೂ ಕುಸಿಯಿತು.

"ಮಾವಾ, ಮತ್ತೆ ಇಳೀತಿದೆ."

"ನೀನು ದುರುಗುಟ್ಟಿ ನೋಡಿದ್ರೆ ಹೆದರ್ಕೊಂಡು ನಿಲ್ಲುತ್ತಾ? ಎಲ್ಲಿ ಸೋರ್ತಿದೆ ಅಂತ ಮುಟ್ಟಿ ನೋಡು," ಎಂದರು ಮಾವ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಲ್ಲಿಂದಲೇ. ಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ಈಗ ಅವರಲ್ಲಿ ಕೆಲಸ ಮಾಡುತ್ತಿದ್ದುದು ಬಾಯಿ ಒಂದೇ, ಅದೂ ಬಿಡುವಿಲ್ಲದೆ.

ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೋಣೆ ಅದು. ಇಂಜಿನಿಯರ್ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿ ಹೋಗಿದ್ದರು: ಸಂಜೆ ನಾಲ್ಕಕ್ಕೆ ಬರುತ್ತೇನೆ, ಮುಳ್ಳು ಒಂದು ಗಂಟೆ ಕದಲದಿದ್ದರೆ ಮೇಲಿನ ಮೂರು ಮಹಡಿಯ ಪೈಪಿನ ಕೆಲಸವೂ ನಿಮ್ಮದೇ, ಕದಲಿತೋ, ನಾಳೆಯಿಂದ ಬೇರೆಯವರು. ಸೊಸೆ ತಾನೇ ಹೊಣೆ ಹೊತ್ತು ಹಿಡಿದ ಮೊದಲ ಕೆಲಸ ಇದು. ಗಂಡನಿಗೆ ಪೈಪು ಕಂಡರಾಗದು, ಅವನು ಬಸ್ಸು ಓಡಿಸುತ್ತಾನೆ. ಹಾಗಾಗಿ ಮಾವನ ಕಸುಬು ಮಗನನ್ನು ದಾಟಿ ಸೊಸೆಯ ಕೈ ಸೇರಿತ್ತು.

ಅವಳು ಒಂದೊಂದೇ ಜೋಡಣೆಯನ್ನು ಬೆರಳಿನಿಂದ ಸವರುತ್ತ ಹೋದಳು. ಧಾರೆಯಿಲ್ಲ, ಹನಿಯೂ ಇಲ್ಲ, ಬರೀ ಬೆವರು. ಆದರೆ ಒಂಬತ್ತಕ್ಕೆ ಒಂಬತ್ತೂ ಬೆವರಿದ್ದವು.

ಒಂದು ಸೋರಿದ್ದರೆ ಕೈತಪ್ಪು ಎನ್ನಬಹುದಿತ್ತು. ಒಂಬತ್ತೂ ಸೋರಿದರೆ ಕೈಯೇ ಸರಿಯಿಲ್ಲ ಎಂದಲ್ಲವೇ? ಮೊದಲ ಸಲ ಪೈಪಿನ ತುದಿಯ ಥ್ರೆಡ್ಡಿಗೆ, ಅಂದರೆ ತಿರುಪಿನ ಗೆರೆಗಳಿಗೆ, ಎಂಟು ಸುತ್ತು ಬಿಳಿ ಟೇಪು ಸುತ್ತಿದ್ದಳು, ಎರಡನೇ ಸಲ ಹದಿನೈದು. ಪೈಪು ಬ್ಯಾಂಡೇಜು ಕಟ್ಟಿಸಿಕೊಂಡ ರೋಗಿಯಂತೆ ಕಂಡಿತ್ತೇ ಹೊರತು ನೀರು ನಿಂತಿರಲಿಲ್ಲ. ಮನೆಯಲ್ಲಿ ಕಲಿಯುವಾಗ ಹೀಗಾಗಿದ್ದೇ ಇಲ್ಲ. ಅಲ್ಲೇನು, ತಾರಸಿಯ ತೊಟ್ಟಿಯಿಂದ ಇಳಿಯುವ ಬಡಪಾಯಿ ನೀರು. ಇಲ್ಲಿ ಪರೀಕ್ಷೆಗೆಂದು ಕೈಪಂಪಿನಿಂದ ಒತ್ತಿದ ನೀರು ಕೂದಲೆಳೆಯಷ್ಟು ದಾರಿ ಸಿಕ್ಕರೂ ನುಗ್ಗುತ್ತದೆ.

"ನನ್ನಿಂದ ಆಗಲ್ಲ ಮಾವ. ನನ್ನ ಕೈಗೆ ಈ ಕೆಲಸ ಒಗ್ಗಲ್ಲ. ಇಂಜಿನಿಯರಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

"ಹೇಳುವಂತೆ. ಫೋನೇನು ಓಡಿ ಹೋಗಲ್ಲ. ನನ್ನ ಮುಂದೆ ಇನ್ನೊಂದು ಬಿಚ್ಚಿ ಹಾಕು."

ಪಂಪಿನ ಒತ್ತಡ ಇಳಿಸಿ, ಅವಳು ಗೋಡೆಯ ಕಡೆ ತಿರುಗಿ, ಮೊಣಕೈಯಂತೆ ಬಾಗಿದ ಒಂದು ಎಲ್ಬೋ ಬಿಚ್ಚಿದಳು. ಹಳೆಯ ಟೇಪು ಕೆರೆದಳು. ಪೈಪಿನ ಬಾಯಿಯನ್ನು ತನ್ನತ್ತ ಹಿಡಿದು ಹೊಸ ಟೇಪು ಸುತ್ತತೊಡಗಿದಳು. ಮಾವ ಗೋಡೆ ಹಿಡಿದು, ಅಯ್ಯಪ್ಪಾ ಅಮ್ಮಾ ಎನ್ನುತ್ತ ಎದ್ದು ಬಂದು ಅವಳ ಭುಜದ ಮೇಲಿಂದ ಇಣುಕಿದರು.

"ನಿಲ್ಲಿಸು! ಏನೇ ಇದು, ಉಲ್ಟಾ ಸುತ್ತುತಿದ್ದೀಯ?"

"ನೀವು ಕಲಿಸಿದ ಹಾಗೇ ಸುತ್ತುತಿದ್ದೀನಿ."

"ನಾನು ಯಾವತ್ತೇ ಹೀಗೆ ಕಲಿಸಿದೆ? ಗಡಿಯಾರದ ಮುಳ್ಳು ಹೋಗೋ ಕಡೆ ಸುತ್ಬೇಕು. ನೀನು ಹೀಗೆ ಸುತ್ತಿದ್ರೆ, ಎಲ್ಬೋ ತಿರುಗಿಸ್ತಾ ತಿರುಗಿಸ್ತಾ ಟೇಪೇ ಬಿಚ್ಕೊಂಡು ಆಚೆ ಬರುತ್ತೆ."

ಬರುತ್ತಿತ್ತು ನಿಜ. ಪ್ರತಿ ಸಲವೂ ಟೇಪು ಎಲ್ಬೋದ ಬಾಯಲ್ಲಿ ಕಾಲರಿನಂತೆ ಮುದುಡಿಕೊಂಡು ನಿಲ್ಲುತ್ತಿತ್ತು. ಚೆನ್ನಾಗಿ ತುಂಬಿದೆ, ಅದಕ್ಕೇ ಉಕ್ಕಿದೆ ಎಂದುಕೊಂಡಿದ್ದಳು ಅವಳು.

"ಮತ್ತೆ ಊಟದ ಮೇಜಿನ ಹತ್ರ ಕೂತು ನೀವು ತೋರಿಸಿದ್ದು ಹೀಗೇ ಅಲ್ವಾ? ಈ ಕಡೆಯಿಂದ ಈ ಕಡೆಗೆ?" ಅವಳು ಗಾಳಿಯಲ್ಲಿ ಬೆರಳು ತಿರುಗಿಸಿದಳು.

ಮಾವ ತಮ್ಮ ಬೆರಳೂ ತಿರುಗಿಸಿದರು. ಅವಳತ್ತ ನೋಡಿದರು, ತಮ್ಮ ಕೈ ನೋಡಿಕೊಂಡರು. ಮುಖ ನಿಧಾನವಾಗಿ ಕೆಂಪಾಯಿತು.

"ನಾನು ಆ ಕಡೆ ಕೂತಿದ್ದೆ, ನೀನು ಈ ಕಡೆ," ಎಂದರು. "ನನ್ನ ಬಲ ನಿನಗೆ ಎಡ. ನೀನು ತಿರುಗಾಮುರುಗಾ ಸುತ್ತಿದ್ದು ಎದುರಿಗಿದ್ದ ನನಗೆ ಸರಿಯಾಗೇ ಕಾಣ್ತಿತ್ತು. ಶಹಬ್ಬಾಸ್ ಅಂತ ಬೇರೆ ಅಂದಿದ್ದೆ, ಮುಠ್ಠಾಳ ನಾನು!"

ಸೊಸೆಗೆ ಹೋದ ಜೀವ ಬಂದಂತಾಯಿತು. "ಅಂದ್ರೆ ನನ್ನ ಕೈದೇನೂ ತಪ್ಪಿಲ್ಲ?"

"ನಿನ್ನ ಕೈಗೇನಾಗಿದೆ? ಬಂಗಾರದಂಥ ಕೈ. ಮೇಷ್ಟ್ರು ಕೂತ ಕುರ್ಚಿ ತಪ್ಪು. ಇದನ್ನ ನಿಮ್ಮತ್ತೆಗೆ ಮಾತ್ರ ಹೇಳ್ಬೇಡ, ಬದುಕಿರೋತನಕ ಆಡ್ಕೋತಾಳೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಟೇಪು ಕಿತ್ತೆಸೆದು, ಎಡಗೈಯಲ್ಲಿ ಪೈಪು ಹಿಡಿದು, ಗಡಿಯಾರದ ದಿಕ್ಕಿಗೆ ಬಿಗಿಯಾಗಿ ಎಂಟೇ ಸುತ್ತು ಸುತ್ತಿದಳು. ಎಲ್ಬೋ ಕೂರಿಸಿದಾಗ ಟೇಪು ತೆಪ್ಪಗೆ ಥ್ರೆಡ್ಡಿನೊಳಗೆ ಹೋಯಿತು. ಕೊನೆಯ ಎರಡು ತಿರುವಿಗೆ ರೆಂಚು ಗಟ್ಟಿಯಾಗಿ ಎದುರು ನಿಂತಿತು. ಒಂಬತ್ತನ್ನೂ ಬಿಚ್ಚಿ ಹಾಕುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತ್ತು, ತೋಳು ಸೋತಿತ್ತು.

ನಾಲ್ಕಕ್ಕೆ ಸರಿಯಾಗಿ ಇಂಜಿನಿಯರ್ ಬಂದರು. ಸೊಸೆ ಪಂಪು ಒತ್ತಿ ಮುಳ್ಳನ್ನು ಹತ್ತಕ್ಕೆ ಏರಿಸಿದಳು. ಮಾವ ಬಕೆಟ್ಟನ್ನು ಗೇಜಿನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಕಾಲು ಗಂಟೆಯಾಯಿತು. ಅರ್ಧ ಗಂಟೆ. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಅಷ್ಟರಲ್ಲಿ ಇಳಿದುಬಿಟ್ಟಿತೇನೋ ಎಂಬ ಹೆದರಿಕೆ. ಇಳಿದಿರಲಿಲ್ಲ.

ಐದಕ್ಕೆ ಇಂಜಿನಿಯರ್ ಒಣ ಕಾಗದದ ಚೂರಿನಿಂದ ಒಂಬತ್ತೂ ಜೋಡಣೆಗಳನ್ನು ಒರೆಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ಪಸೆಯಿಲ್ಲ.

"ನಾಳೆ ಮೇಲಿನ ಮಹಡಿ ಶುರು ಮಾಡ್ಕೊಳ್ಳಮ್ಮ," ಎಂದರು. "ಇನ್ನು ಒತ್ತಡ ಇಳಿಸಿ, ಹೊರಡೋಣ."

ಸೊಸೆ ವಾಲ್ವಿನ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ.

"ಇನ್ನೈದು ನಿಮಿಷ ಇರ್ಲಿ ಸಾರ್," ಎಂದಳು. "ಬೆಳಿಗ್ಗೆಯಿಂದ ಇದು ಇಳಿಯೋದನ್ನೇ ನೋಡಿದ್ದೀನಿ. ನಿಂತಿರೋದನ್ನ ಕಣ್ತುಂಬ ನೋಡ್ಬೇಕು."

ಇಂಜಿನಿಯರ್ ಹೆಗಲಿಗೇರಿಸಿದ್ದ ಚೀಲವನ್ನು ಮತ್ತೆ ಕೆಳಗಿಟ್ಟರು.