ತಮ್ಮನ ಪಾಲು

ಸ್ಟೂಲ್ ಹತ್ತಿ ಅಟ್ಟದ ಮೇಲಿನ ಕೊನೆಯ ಡಬ್ಬವನ್ನು ಎಳೆಯುವಾಗ ತಮ್ಮನ ಬಾಯಿಂದ ತಾನಾಗಿಯೇ ಮಾತು ಹೊರಬಿತ್ತು: "ಬೀಳಿಸಲ್ಲ ಕಣೇ, ಸುಮ್ನಿರು."

ಹಿಂದೆ ಯಾರೂ ಇರಲಿಲ್ಲ. ಅಕ್ಕ ಮುಂದಿನ ಕೋಣೆಯಲ್ಲಿ ಎದೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು, ಬೆಳಗಿನಿಂದ ಅಲುಗಾಡದೆ. ಆದರೂ ಈ ರಿಪೇರಿ ಕೋಣೆಯಲ್ಲಿ ಅವಳೇ ಕಾವಲು ನಿಂತಂತಿತ್ತು. ಬಾಗಿಲು ತೆರೆದಾಗಿನಿಂದ ಥಿನ್ನರ್ ವಾಸನೆ ಮೂಗಿಗೆ ಅಡರುತ್ತಿತ್ತು, ಈಗಷ್ಟೇ ಯಾರೋ ಕೆಲಸ ಬಿಟ್ಟು ಎದ್ದುಹೋದ ಹಾಗೆ.

"ಇನ್ನೂ ಅದನ್ನೇ ಹುಡುಕ್ತಿದೀಯಾ?" ಭಾವ ಬಾಗಿಲಲ್ಲಿ ನಿಂತಿದ್ದರು. ಒಂದೇ ದಿನದಲ್ಲಿ ಆಳು ಅರ್ಧ ಇಳಿದುಹೋಗಿದ್ದರು. "ಸ್ಮಶಾನಕ್ಕೆ ಒಯ್ಯೋ ವ್ಯಾನು ಹೊರಟಿದೆಯಂತೆ."

"ಚಿಕ್ಕವರಿದ್ದಾಗ ನಾವಿಬ್ರೂ ಆಡಿದ ವಿಡಿಯೋ ಗೇಮು ಭಾವ. ಅವಳ ಪಕ್ಕದಲ್ಲಿಟ್ಟು ಕಳಿಸ್ತೀನಿ. ನನಗಂತೂ ಕೊಡ್ಲಿಲ್ಲ, ಅವಳಾದ್ರೂ ತಗೊಂಡು ಹೋಗ್ಲಿ."

ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಕರೆದರೆಂದು ಹೋದರು.

ಡಬ್ಬದ ತಳದಲ್ಲಿ ಹಳೆಯ ದಿಂಬಿನ ಚೀಲದ ಗಂಟೊಂದಿತ್ತು. ಬಿಚ್ಚಿದರೆ ಗೇಮಿನ ಒಳಗಿನ ಹಸಿರು ಸರ್ಕ್ಯೂಟ್ ಬೋರ್ಡು ಬತ್ತಲೆಯಾಗಿ ಸಿಕ್ಕಿತು. ಅದರ ಬೂದು ಬಣ್ಣದ ಹೊರಕವಚ ಅರ್ಧ ಮಾತ್ರ ಇತ್ತು. ನಟ್ಟನಡುವೆ ಗರಗಸ ಹಾಕಿ ಕೊಯ್ದಿದ್ದರು. ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಂಡವರ ಮನೆಯ ಗೇಮುಗಳ ಬಿರುಕು ಮುಚ್ಚಿ, ಒಡೆದ ಮೂಲೆ ಕಟ್ಟಿಕೊಡುತ್ತಿದ್ದವಳು ಸ್ವಂತ ಮನೆಯದಕ್ಕೆ ಈ ಗತಿ ತಂದಳೆ?

*

ಅಪ್ಪ ಅದನ್ನು ಯಾರೋ ಆಡಿ ಬಿಟ್ಟಿದ್ದೆಂದು ಅಗ್ಗಕ್ಕೆ ತಂದಿದ್ದ. ಬಂದ ದಿನವೇ ಅದು ಯಾರದೆಂದು ಜುಟ್ಟು ಹಿಡಿದು ಜಗಳ. ಕೊನೆಗೆ ಅಕ್ಕನೇ ಅದನ್ನು ಮಗುಚಿ, ತಳದ ನಡುವೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಳು. "ಎಡಗಡೆ ನಂದು, ಬಲಗಡೆ ನಿಂದು. ಗೆರೆ ದಾಟಿದ್ಯೋ, ಕೈ ಮುರೀತೀನಿ."

ಒಮ್ಮೆ ಸೋತ ಸಿಟ್ಟಿಗೆ ಅವನು ಅದನ್ನು ನೆಲಕ್ಕೆ ಕುಕ್ಕಿದ. ಒಡೆದದ್ದು ಅವಳ ಕಡೆಯ ಮೂಲೆ. ಅಪ್ಪನ ಮುಂದೆ ಅವಳು ತುಟಿಪಿಟಿಕ್ಕೆನ್ನಲಿಲ್ಲ. ಉದುರಿದ ಚೂರುಗಳನ್ನು ಆಯ್ದು, ಉಗುರುಬಣ್ಣ ಅಳಿಸುವ ದ್ರವದಲ್ಲಿ ಕರಗಿಸಿ, ಆ ಅಂಟನ್ನೇ ಬಿರುಕಿಗೆ ತುಂಬಿ, ಒಣಗಿದ ಮೇಲೆ ಉಜ್ಜಿದಳು. ಎಲ್ಲಿ ಒಡೆದಿತ್ತೆಂದು ಒಡೆದವನಿಗೇ ಗೊತ್ತಾಗಲಿಲ್ಲ. ಮುಂದೆ ಅದೇ ಅವಳ ಹೊಟ್ಟೆಪಾಡಾಯಿತು.

ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಅವನು ಒಮ್ಮೆ ಫೋನು ಮಾಡಿ ಅದನ್ನು ಕೇಳಿದ್ದ.

"ಅದು ಕೊಡೋ ಸ್ಥಿತೀಲಿಲ್ಲ ಪುಟ್ಟ," ಎಂದಿದ್ದಳು ಅಕ್ಕ.

"ಒಂದು ಹಳೇ ಡಬ್ಬಕ್ಕೂ ಜಿಪುಣತನಾನಾ?"

ಅಲ್ಲಿಗೆ ಮಾತು ನಿಂತಿತು. ಮೊದಲು ಅವಳೇ ಮಾತಾಡಲಿ ಎಂದು ಇವನು ಬಿಗಿದುಕೊಂಡು ಕೂತ. ಆಸ್ಪತ್ರೆಯಿಂದ ಭಾವನ ಫೋನು ಬರುವಾಗ ಎಲ್ಲ ಮುಗಿದಿತ್ತು.

*

ಅರ್ಧ ಕವಚ ಹಿಡಿದು ಅವನು ಮುಂದಿನ ಕೋಣೆಗೆ ಬಂದ. ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ ಬಸ್ ಡ್ರೈವರೊಬ್ಬ ಪಕ್ಕದ ಮನೆಯ ಅಜ್ಜಿಯ ಹತ್ತಿರ ಪಿಸುಗುಡುತ್ತಿದ್ದ.

"ರಿಪೇರಿಗೆ ಕೊಟ್ಟ ನನ್ನ ಗೇಮು ಇಲ್ಲೇ ಇದೆ ಅಜ್ಜಿ. ಅದಕ್ಕೋಸ್ಕರ ಬಂದಿದ್ದಲ್ಲ, ಮೇಡಂನ ನೋಡೋಣ ಅಂತ ಬಂದೆ. ಹೋದ ಸಲ ಮುಚ್ಚಿಕೊಟ್ಟ ಬಿರುಕು ಹುಡುಕಿದ್ರೂ ಕಾಣಲ್ಲ. ಈ ಮಾಸಲು ಬೂದು ಪ್ಲಾಸ್ಟಿಕ್ಕು ಈಗೆಲ್ಲಿ ಸಿಗತ್ತೆ ಮೇಡಂ ಅಂದೆ. 'ನಮ್ಮನೇದೇ' ಅಂತ ನಕ್ರು."

"ನಿನ್ನತ್ರ ಆದ್ರೂ ನಕ್ಕಳಲ್ಲಪ್ಪ. ನಂಗೆ ಟೀವಿ ಸೌಂಡ್ ಕಡಿಮೆ ಮಾಡಿ ಅಂತ ಬೈದಿದ್ದೇ ಬೈದಿದ್ದು," ಎಂದು ಅಜ್ಜಿ ಕಣ್ಣೊರೆಸಿಕೊಂಡರು.

ತಮ್ಮ ತಿರುಗಿ ಭಾವನನ್ನು ಕೇಳಿದ. "ನಮ್ಮನೇದು ಅಂದ್ರೆ, ಇದಾ?"

"ಚೂರುಚೂರೇ ಕೊಯ್ದು ಕರಗಿಸ್ತಿದ್ಲು," ಎಂದರು ಭಾವ ತಗ್ಗಿದ ದನಿಯಲ್ಲಿ. "ಅದೇ ಕಾಲದ ಪ್ಲಾಸ್ಟಿಕ್ ಆದ್ರೇನೇ ಬಣ್ಣ ಕೂಡೋದು ಅಂತ. ನೀನು ಕೇಳೋ ಹೊತ್ತಿಗೆ ಅವಳ ಕಡೇದು ಮುಕ್ಕಾಲು ಖಾಲಿ. ಹೆಂಗ್ ಹೇಳ್ಲಿ ಅವನಿಗೆ ಅಂತ ಒದ್ದಾಡಿದ್ಲು. ಹೋದ ತಿಂಗಳು ಅವಳ ಪಾಲು ಪೂರ್ತಿ ಮುಗೀತು. ಈ ಡ್ರೈವರಿಂದು ಹಾಗೇ ನಿಂತುಹೋಯ್ತು. ಇನ್ನರ್ಧ ಇದೆಯಲ್ಲೇ ಅಂದೆ. 'ಅದು ಪುಟ್ಟಂದು' ಅಂದ್ಲು."

ಅವನು ಕೈಯಲ್ಲಿದ್ದ ಅರ್ಧ ಕವಚವನ್ನು ಮಗುಚಿದ. ಕೊಯ್ದ ಅಂಚಿನುದ್ದಕ್ಕೂ ನೀಲಿ ಗೆರೆ ಪೂರ್ತಿ ಉಳಿದಿತ್ತು. ಗರಗಸ ಅದನ್ನು ಕೂದಲೆಳೆಯಷ್ಟೂ ದಾಟಿರಲಿಲ್ಲ. "ಒಂದು ಮಾತು ಕೇಳ್ಬಾರ್ದಿತ್ತೇನೇ," ಎಂದ ಅವಳ ಮುಖ ನೋಡುತ್ತ. ಅವಳ ತುಟಿಯ ಮೂಲೆ ಮಿಸುಕಿದಂತೆ ಕಂಡಿತು. ಕಣ್ಣು ತುಂಬಿದ್ದಕ್ಕೆ ಹಾಗೆ ಕಂಡದ್ದೆಂದು ಮನಸ್ಸಿಗೆ ಹೇಳಿಕೊಂಡ.

ಹೊರಗೆ ವ್ಯಾನು ಹಾರ್ನ್ ಮಾಡಿತು.

"ಇಡಪ್ಪ ಪಕ್ಕದಲ್ಲಿ, ಹೊತ್ತಾಯ್ತು," ಎಂದರು ಅಜ್ಜಿ.

"ಇಲ್ಲ ಅಜ್ಜಿ, ಇದಿನ್ನೂ ಬೇಕು."

ಅವನು ಒಳಗೆ ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತು ಗರಗಸ ತೆಗೆದುಕೊಂಡ. ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದ ಹಾಗಿತ್ತು. ಅವನು ತಿರುಗಲಿಲ್ಲ.

"ಸಾರ್, ಈಗ್ಯಾಕೆ?" ಎಂದ ಡ್ರೈವರ್ ಬಾಗಿಲಿನಿಂದ. "ನಂದೇನು ಅವಸರ ಇಲ್ಲ."

"ನೆನೀಬೇಕಲ್ಲ. ನಾವು ವಾಪಸ್ ಬರೋಷ್ಟರಲ್ಲಿ ಕರಗಿರತ್ತೆ."

ಗೆರೆಯ ಅಂಚಿನಿಂದ ಒಂದು ಚೂರು ಕೊಯ್ದು, ಥಿನ್ನರ್ ತುಂಬಿದ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಅವನು ಹೊರಗೆ ಹೋದ. "ತಲೆ ಕಡೆ ನೀನು ಹಿಡಿ," ಎಂದರು ಭಾವ.

ಅಕ್ಕನನ್ನು ಎತ್ತಿಕೊಂಡು ಎಲ್ಲರೂ ಮೆಟ್ಟಿಲಿಳಿದರು. ಖಾಲಿ ಕೋಣೆಯಲ್ಲಿ ಬಾಟಲಿಯ ತಳಕ್ಕೆ ಕೂತ ಬೂದು ಚೂರಿನ ಮೂಲೆಗಳು ಮೆತ್ತಗಾಗತೊಡಗಿದವು. ಅದರ ಮೇಲಿದ್ದ ನೀಲಿ ಗೆರೆ ಎದ್ದು, ಎಳೆಯಾಗಿ, ಥಿನ್ನರಿನಲ್ಲಿ ಹರಡಿಕೊಂಡಿತು.